ಹದಿಮೂರು ಪಾವು ಉಸಿರು

ಅಪ್ಪ ತೀರಿಕೊಂಡ ಮೇಲೆ ಚಲುವರಾಜುವಿಗೆ ಸುಗ್ಗಿಯಲ್ಲಿ ನಿಡಘಟ್ಟಕ್ಕೆ ಹೋಗುವುದೇ ಕಷ್ಟವಾಯಿತು. ಅಪ್ಪ ಹೋದದ್ದು ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ. ಕಣಗಳಲ್ಲಿ ಎಂದಿನಂತೆ ರಾಶಿ ಬಿದ್ದಿರುತ್ತಿದ್ದವು. ಅಳೆಯುವವರ ದನಿಯೂ ಕೇಳುತ್ತಿತ್ತು. ಆದರೆ ಅವನು ಹುಟ್ಟಿದಂದಿನಿಂದ ಕೇಳಿದ್ದ ದನಿ ಅದಾಗಿರಲಿಲ್ಲ. ಬಸ್ಸಿನಿಂದ ಇಳಿದವನು ರಸ್ತೆಯ ಬದಿಯ ಹುಣಸೆಮರದ ಕೆಳಗೆ ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಆಮೇಲೆ ಮನೆಯ ದಾರಿ ಹಿಡಿಯುತ್ತಿದ್ದ. ಹಾಗೆ ನಿಂತಾಗಲೆಲ್ಲ ಅಪ್ಪ ಸಾಯುವುದಕ್ಕೆ ನಾಲ್ಕು ವರ್ಷ ಮೊದಲಿನ ಆ ಕಾರ್ತಿಕ ಮಾಸ ಅವನ ಕಣ್ಣ ಮುಂದೆ ಬರುತ್ತಿತ್ತು.

ಆ ಸೀಮೆಯಲ್ಲಿ ರಾಶಿ ಅಳೆಯುವುದೆಂದರೆ ಕೊಳಗ ತುಂಬಿ ಸುರಿಯುವುದಷ್ಟೇ ಅಲ್ಲ. ಅಳೆಯುವವನು ಮಿಂದು, ವಿಭೂತಿ ಇಟ್ಟು, ರಾಶಿಗೆ ಕೈಮುಗಿದು ಮಂಡಿಯೂರಬೇಕು. ಮೊದಲ ಕೊಳಗಕ್ಕೆ ಒಂದು ಎನ್ನಬಾರದು, ಲಾಭ ಎನ್ನಬೇಕು. ಅದನ್ನೂ ಒಮ್ಮೆ ಅಂದು ಬಿಟ್ಟರಾಗದು. ಕೊಳಗ ರಾಶಿಗೆ ಇಳಿದು, ತುಂಬಿ, ಚೀಲದ ಬಾಯಿಗೆ ಸುರಿಯುವವರೆಗೂ ‘ಲಾಭವೋ ಲಾಭ, ಲಾಭವೋ ಲಾಭ’ ಎಂದು ರಾಗವಾಗಿ ಎಳೆಯುತ್ತಲೇ ಇರಬೇಕು. ಮುಂದಿನದಕ್ಕೆ ‘ಎರಡೋ ಎರಡು’. ಹೀಗೆ ಮಾಡಿದರೆ ಅಳೆಯುವವನಿಗೂ ಲೆಕ್ಕ ತಪ್ಪುವುದಿಲ್ಲ, ಸುತ್ತ ಕುಳಿತವರಿಗೂ ಅನುಮಾನ ಬರುವುದಿಲ್ಲ. ಚಲುವರಾಜುವಿನ ಅಪ್ಪ ಕೆಂಪಸಿದ್ದಯ್ಯ ಮೂವತ್ತು ವರ್ಷ ನಿಡಘಟ್ಟದ ಕಣಗಳಲ್ಲಿ ಹೀಗೆ ಅಳೆದವನು. ಅಣ್ಣತಮ್ಮಂದಿರು ಪಾಲಿಗೆ ಜಗಳವಾಡಿ ಮುಖ ತಿರುಗಿಸಿಕೊಂಡಿದ್ದರೂ, ಕೆಂಪಸಿದ್ದಯ್ಯ ಅಳೆದನೆಂದರೆ ಇಬ್ಬರೂ ಮಾತಿಲ್ಲದೆ ಚೀಲ ಹೊರುತ್ತಿದ್ದರು.

ಯುದ್ಧದ ದಿನಗಳಲ್ಲಿ ಲೆವಿ ಬಂತು. ಬೆಳೆದ ಧಾನ್ಯದಲ್ಲಿ ಇಂತಿಷ್ಟು ಪಾಲನ್ನು ಸರ್ಕಾರಕ್ಕೆ ಅಳೆದು ಕೊಡಬೇಕಾಯಿತು. ಅದಕ್ಕಾಗಿ ಮದ್ದೂರಿನಲ್ಲಿ ಒಂದು ಉಗ್ರಾಣ ಎದ್ದಿತು. ಅಲ್ಲಿಯೂ ಅಳೆಯಲು ಕೆಂಪಸಿದ್ದಯ್ಯನನ್ನೇ ಕರೆದರು. ತಗಡಿನ ಮಾಡು, ಕಿಟಕಿ ಕಡಿಮೆ, ಒಳಗೆಲ್ಲ ಧೂಳು. ಆ ಮಳೆಗಾಲದಲ್ಲಿ ಮೂಟೆ ಹೊರುವ ಇಬ್ಬರು ಎದೆರೋಗದಿಂದ, ಅಂದರೆ ಕ್ಷಯದಿಂದ, ತೀರಿಕೊಂಡರು. ಉಗ್ರಾಣದೊಳಗೆ ಕೆಲಸ ಮಾಡುವ ಪ್ರತಿಯೊಬ್ಬನ ಎದೆಯನ್ನೂ ಪರೀಕ್ಷೆ ಮಾಡಿಸಿ, ದುರ್ಬಲರಾದವರನ್ನು ಬಿಡಿಸಬೇಕೆಂದು ಅಪ್ಪಣೆಯಾಯಿತು.

ಪರೀಕ್ಷೆ ನಡೆದದ್ದು ಪೇಟೆಯ ವರ್ತಕರು ಸೇರಿ ನಡೆಸುತ್ತಿದ್ದ ಧರ್ಮಾಸ್ಪತ್ರೆಯಲ್ಲಿ. ಚಲುವರಾಜು ಅಲ್ಲಿ ಕಾಂಪೌಂಡರ್. ಡಾಕ್ಟರು ಮೈಸೂರಿನವರು, ಇನ್ನೂ ಮೂವತ್ತು ದಾಟದವರು, ದಪ್ಪ ದಪ್ಪ ಪುಸ್ತಕ ಓದುವವರು. ಹಳ್ಳಿಯವರಿಗೆ ತಾವು ಹೇಳುವುದು ತಿಳಿಯುವುದಿಲ್ಲವೆಂಬ ಕೊರಗು ಅವರಿಗಿತ್ತು.

"ಚಲುವರಾಜು, ಟೈಡಲ್ ಏರ್, ವೈಟಲ್ ಕೆಪಾಸಿಟಿ ಅಂದರೆ ಇವರು ನನ್ನನ್ನ ಮಂತ್ರವಾದಿ ಅಂದುಕೊಳ್ಳುತ್ತಾರೆ. ನಿಮ್ಮ ಕಡೆ ಮಾತಿನಲ್ಲಿ ಒಂದು ಪಟ್ಟಿ ಮಾಡಿ ಕೊಡು," ಎಂದು ಅವರು ಹೇಳಿದ್ದರು.

ಚಲುವರಾಜು ಆ ಭಾನುವಾರ ಊರಿಗೆ ಹೋಗಿ ಜಗಲಿಯ ಮೇಲೆ ಕುಳಿತು ಬರೆಯತೊಡಗಿದ. ಸುಮ್ಮನೆ ಕುಳಿತಾಗ ಒಳಗೆ ಹೋಗಿ ಹೊರಗೆ ಬರುವ ಗಾಳಿ ‘ಬಂದುಹೋಗುವ ಉಸಿರು’ ಆಯಿತು. ಎದೆ ತುಂಬ ಎಳೆದು, ಆದಷ್ಟೂ ಊದಿಬಿಟ್ಟರೆ ಹೊರಬರುವುದೆಲ್ಲ ‘ತುಂಬು ಉಸಿರು’. ಗುಂಡಿಗೆ ಒಂದು ನಿಮಿಷಕ್ಕೆ ಎಷ್ಟು ಸಲ ಬಡಿಯುತ್ತದೆಂಬುದು ‘ನಾಡಿಯ ಎಣಿಕೆ’. ಸಮನಾಗಿ ಬಡಿಯುತ್ತದೋ ತಪ್ಪಿ ಬಡಿಯುತ್ತದೋ ಎಂಬುದು ‘ನಾಡಿಯ ನಡೆ’. ಒಂದು ಕಡೆ ಬಂದು ಪೆನ್ಸಿಲು ನಿಂತಿತು. ಎಷ್ಟು ಊದಿದರೂ ಎದೆಯೊಳಗೆ ಒಂದಿಷ್ಟು ಗಾಳಿ ಉಳಿದೇ ಇರುತ್ತದೆಂದು ಡಾಕ್ಟರು ಹೇಳಿದ್ದರು. ಅದನ್ನು ಹೇಗೆ ಹೇಳುವುದು?

ಪಕ್ಕದಲ್ಲಿ ಹಗ್ಗ ಹೊಸೆಯುತ್ತಿದ್ದ ಕೆಂಪಸಿದ್ದಯ್ಯ ಕೇಳಿ ನಕ್ಕ. "ಅದ್ಕೇನ್ಲಾ ಅಷ್ಟು ಯೋಚ್ನೆ? ಕಣನ ಗುಡ್ಸಿ ಗುಡ್ಸಿ ಅಳೀತಾರೇನ್ಲಾ ಯಾರಾದ್ರೂ? ತಳದಾಗೆ ಒಂದಿಷ್ಟು ಬುಡಬೇಕು. ಅದು ಅಳತೆಗೆ ಸೇರಾಕಿಲ್ಲ. ಅದ್ನೂ ಅಳ್ದು ತಕ್ಕಂಡ್ರೆ ಮನೆ ಉದ್ಧಾರ ಆಗಾಕಿಲ್ಲ."

"ಅಂಗಾರೆ ಏನಂತ ಬರೀಲಪ್ಪ?"

"ತಳದ ಉಸ್ರು ಅಂತ ಬರಿ. ಎಲ್ರಿಗೂ ತಿಳೀತದೆ."

ಚಲುವರಾಜು ಹಾಗೆಯೇ ಬರೆದ. ಡಾಕ್ಟರು ಅದನ್ನು ಓದಿ ಬಹಳ ಸಂತೋಷಪಟ್ಟು, ರಟ್ಟಿನ ಮೇಲೆ ದುಂಡಗೆ ಬರೆಸಿ ಗೋಡೆಗೆ ತೂಗುಹಾಕಿಸಿದರು.

ಉಸಿರು ಅಳೆಯುವ ಯಂತ್ರ ಆಸ್ಪತ್ರೆಯಲ್ಲಿ ಇರಲಿಲ್ಲ. ಡಾಕ್ಟರ ಪುಸ್ತಕದಲ್ಲಿ ಅದರ ಚಿತ್ರವಿತ್ತು. ನೀರು ತುಂಬಿದ ಒಂದು ಪಾತ್ರೆ, ಅದರೊಳಗೆ ಬೋರಲಾಗಿ ಇನ್ನೊಂದು ಪಾತ್ರೆ. ಕೊಳವೆಯಲ್ಲಿ ಊದಿದರೆ ಒಳಗಿನ ಪಾತ್ರೆ ಮೇಲೇಳುತ್ತದೆ; ಎಷ್ಟು ಎದ್ದಿತೋ ಅಷ್ಟು ಉಸಿರು. ಲಾಟೀನು, ಡಬ್ಬಿ ಬೆಸುಗೆ ಹಾಕುವ ಮಜೀದ್ ಸಾಬರಿಗೆ ಚಿತ್ರ ತೋರಿಸಿ ಮಾಡಲು ಹೇಳಿದ್ದರು. ಅದು ಸಿದ್ಧವಾಗುವ ಮೊದಲೇ ಉಗ್ರಾಣದ ಪರೀಕ್ಷೆಯ ದಿನ ಬಂದುಬಿಟ್ಟಿತು. ಡಾಕ್ಟರು ಸುಲಭವಾದ ಇನ್ನೊಂದು ದಾರಿ ಹಿಡಿದರು. ಎದೆ ತುಂಬ ಉಸಿರು ಎಳೆದುಕೊಂಡು, ಮತ್ತೆ ಎಳೆಯದೆ, ಒಂದೇ ಉಸಿರಿನಲ್ಲಿ ಎಲ್ಲಿಯವರೆಗೆ ಎಣಿಸಲಾಗುತ್ತದೋ ಎಣಿಸಬೇಕು. ಇಪ್ಪತ್ತೈದು ಮೂವತ್ತು ಬಂದರೆ ಒಳ್ಳೆಯ ಎದೆ. ಹದಿನೈದಕ್ಕೆ ಕಡಿಮೆಯಾದರೆ ಅನುಮಾನ. ಹತ್ತನ್ನೂ ಮುಟ್ಟದಿದ್ದರೆ ಉಗ್ರಾಣದೊಳಗೆ ಕಾಲಿಡಬಾರದು.

ಹೊರುವ ಆಳುಗಳು ಒಬ್ಬೊಬ್ಬರಾಗಿ ಬಂದು ಗಡಗಡನೆ ಎಣಿಸಿ ಹೋದರು. ಒಬ್ಬನಂತೂ ಮೂವತ್ತಾರಕ್ಕೆ ಹೋಗಿ ಕಣ್ಣುಕತ್ತಲೆ ಬಂದು ಬೆಂಚು ಹಿಡಿದುಕೊಂಡ. ಕೊನೆಗೆ ಕೆಂಪಸಿದ್ದಯ್ಯ ಬಂದ. ಎಣಿಸು ಎಂದರೆ ಅವನಿಗೆ ತಿಳಿದಿದ್ದದ್ದು ಒಂದೇ ಬಗೆ. ಅಂಗಿ ಬಿಚ್ಚಿ, ಪೂರ್ವಕ್ಕೆ ಮುಖ ಮಾಡಿ, ಕೈಮುಗಿದು, ಉಸಿರೆಳೆದು ಶುರುಮಾಡಿದ.

"ಲಾಭವೋ ಲಾಭ... ಎರಡೋ ಎರಡು... ಮೂರೋ ಮೂರು..."

ಒಂಬತ್ತಕ್ಕೆ ಬರುವ ಹೊತ್ತಿಗೆ ಕತ್ತಿನ ನರ ಉಬ್ಬಿ ಉಸಿರು ಮುಗಿಯಿತು. ಡಾಕ್ಟರು ಮುಖ ಗಂಟಿಕ್ಕಿಕೊಂಡು ಇನ್ನೊಮ್ಮೆ ಮಾಡಿಸಿದರು. ಈ ಸಲ ಎಂಟೇ. ಹಳಬನೊಬ್ಬ ದೇವರ ಹೆಸರು ಹೇಳಿಕೊಂಡು ಎಣಿಸುತ್ತಿದ್ದಾನೆ ಎಂದುಕೊಂಡರೋ ಏನೋ, ಅವರು ಏನೂ ಕೇಳಲಿಲ್ಲ. ಮೇಜಿನ ಬಳಿ ಬರೆದುಕೊಳ್ಳುತ್ತಿದ್ದ ಚಲುವರಾಜುವಿಗೂ ಏನೂ ಹೊಳೆಯಲಿಲ್ಲ. ತೊಟ್ಟಿಲಲ್ಲಿ ಮಲಗಿ ಕೇಳಿದ ದನಿ ಅದು. ಅದರಲ್ಲಿ ಬೇರೆ ಏನನ್ನಾದರೂ ಕಾಣುವುದು ಹೇಗೆ? ಒಂಬತ್ತು ಎಂದು ಬರೆದ.

"ಕೆಮ್ಮು ಇದೆಯೇ ಯಜಮಾನರೇ? ಕಫದಲ್ಲಿ ರಕ್ತ?"

"ಎಂತದೂ ಇಲ್ಲ ಸ್ವಾಮಿ. ನಂಗೇನಾಗದೆ? ಗುಂಡ್ಕಲ್ಲಂಗಿವ್ನಿ."

ಡಾಕ್ಟರು ಚಲುವರಾಜುವನ್ನು ಹೊರಗೆ ಕರೆದು ಮೆಲ್ಲಗೆ ಹೇಳಿದರು. "ಇವರು ನಿನ್ನ ತಂದೆ ಎಂದು ಗೊತ್ತು. ಆದರೆ ಒಳಗೆ ಬಿಡುವಂತೆ ಬರೆದುಕೊಡಲಾರೆ. ತಟ್ಟೆ, ಲೋಟ ಬೇರೆ ಇಟ್ಟಿರಿ. ನೋಡೋಣ."

ಊರಿನಲ್ಲಿ ಸುದ್ದಿಗೆ ಕಾಲು ಬೇಕಾಗಲಿಲ್ಲ. ಮರುದಿನ ಸಂಜೆಗೆ ನಿಡಘಟ್ಟದ ತುಂಬ ಕೆಂಪಸಿದ್ದಯ್ಯನಿಗೆ ಎದೆರೋಗ ಎಂದಾಯಿತು. ನೆರೆಮನೆಯ ಮರಿಸಿದ್ದಯ್ಯ ಅವನ ಓರಗೆಯವನು, ಚಿಕ್ಕಂದಿನ ಗೆಳೆಯ. ಅವನು ಜಗಲಿಗೆ ಬರುವುದನ್ನು ಬಿಟ್ಟ. ಮೊಮ್ಮಗಳು ಈ ಕಡೆ ಓಡಿಬಂದರೆ ಕೈಹಿಡಿದು ಎಳೆದುಕೊಂಡು ಹೋಗುತ್ತಿದ್ದ. ಬಾವಿಕಟ್ಟೆಯಲ್ಲಿ ಹೆಂಗಸರು ಕೆಂಪಸಿದ್ದಯ್ಯನ ಹೆಂಡತಿ ಬೆಟ್ಟಮ್ಮನ ಬಿಂದಿಗೆಗೆ ಜಾಗ ಮಾಡಿಕೊಟ್ಟು ತಾವು ದೂರ ನಿಂತರು. ಸುಗ್ಗಿಗೆ ಇನ್ನು ಒಂದೂವರೆ ತಿಂಗಳಿತ್ತು. ಪ್ರತಿ ವರ್ಷ ಆ ಹೊತ್ತಿಗೆ ನಾಲ್ಕಾರು ಮನೆಯವರು ಎಲೆಯಡಿಕೆ ಹಿಡಿದು ರಾಶಿ ಅಳೆಯಲು ಕರೆಯುತ್ತಿದ್ದರು. ಆ ವರ್ಷ ಯಾರೂ ಬರಲಿಲ್ಲ. ರೋಗದವನ ಉಸಿರು ತಾಗಿದ ರಾಶಿ ಮನೆಗೆ ಯಾರಿಗೆ ಬೇಕು?

ಕೆಂಪಸಿದ್ದಯ್ಯ ತಾನೇ ತನ್ನ ತಟ್ಟೆಯನ್ನು ತೊಳೆದು ಹೊರಗಿನ ಗೂಡಿನಲ್ಲಿಟ್ಟ. ಕೊಳಗವನ್ನು ಒರೆಸಿ ಅಟ್ಟಕ್ಕೆ ಹಾಕಿದ.

ಮುಂದಿನ ಭಾನುವಾರ ಚಲುವರಾಜು ಊರಿಗೆ ಬಂದಾಗ ಅಪ್ಪ ಹೊಲದ ಕಡೆ ಹೋಗಿದ್ದ. ಬೆಟ್ಟಮ್ಮ ನಡುಮನೆಯಲ್ಲಿ ಕುಳಿತು, ಬೀಸುವುದಕ್ಕೆಂದು ರಾಗಿಯನ್ನು ಸೇರಿನಲ್ಲಿ ಅಳೆದು ಮೊರಕ್ಕೆ ಹಾಕುತ್ತಿದ್ದಳು. ಕಣ್ಣಿನಲ್ಲಿ ನೀರು, ಬಾಯಲ್ಲಿ ಎಣಿಕೆ.

"ಲಾಬವೋ ಲಾಬ... ಎರಡೋ ಎರಡು..."

ಆರಕ್ಕೆ ಬಂದವಳು ನಿಲ್ಲಿಸಿ ಉಸಿರೆಳೆದುಕೊಂಡಳು. ಚಲುವರಾಜು ಹೊಸ್ತಿಲ ಮೇಲೆ ನಿಂತವನು ನಿಂತೇ ಇದ್ದ.

"ಅವ್ವ, ಎಲ್ಲಿ, ಇನ್ನೊಂದ್ಸಲ ಅಂಗೇ ಎಣ್ಸು. ಉಸ್ರು ಎಳ್ಕಬ್ಯಾಡ, ಒಂದೇ ಉಸ್ರಲ್ಲಿ."

"ನಿಂಗೇನಾಯ್ತಲಾ? ಇಲ್ಲಿ ನನ್ ಒಟ್ಟೆ ಉರೀತಾ ಅದೆ, ನಿಂಗೆ ಆಟ."

"ಎಣ್ಸವ್ವ, ನಿನ್ ದಮ್ಮಯ್ಯ."

ಮೂರು ಮಕ್ಕಳನ್ನು ಹೆತ್ತು, ದಿನಕ್ಕೆ ಎರಡು ಸೇರು ರಾಗಿ ಬೀಸಿ, ಬೀಸುತ್ತಾ ಹಾಡುತ್ತಿದ್ದ ಗಟ್ಟಿ ಹೆಂಗಸು ಬೆಟ್ಟಮ್ಮ. ಅವಳ ಎಣಿಕೆ ಎಂಟಕ್ಕೆ ನಿಂತಿತು.

"ಈಗ ಬರೀ ಎಣ್ಸು. ರಾಗ ಬ್ಯಾಡ. ಒಂದು, ಎರಡು, ಮೂರು, ಇಸ್ಕೂಲ್ ಐಕ್ಳಂಗೆ."

ಬೆಟ್ಟಮ್ಮ ಇಪ್ಪತ್ತೊಂಬತ್ತಕ್ಕೆ ಹೋದಳು. ಮಗ ತಾಯಿಯ ಎರಡು ಕೈಗಳನ್ನೂ ಹಿಡಿದುಕೊಂಡು ನಗತೊಡಗಿದ, ನಗುತ್ತಲೇ ಅಳತೊಡಗಿದ. ಬೆಟ್ಟಮ್ಮನಿಗೆ ದಿಗಿಲಾಯಿತು. "ಅಯ್ಯೋ ಮಾದಪ್ಪ, ಈ ಮುಂಡೇದ್ಕೂ ಏನೋ ಬಡ್ಕತ್ತಲ್ಲಪ್ಪ!" ಎಂದಳು.

ಸೋಮವಾರ ಬೆಳಿಗ್ಗೆ ಅವನು ಅಪ್ಪನನ್ನು ಕರೆದುಕೊಂಡೇ ಆಸ್ಪತ್ರೆಗೆ ಹೋದ. ಡಾಕ್ಟರು ಎಲ್ಲವನ್ನೂ ಕೇಳಿ ಹಣೆ ಬಡಿದುಕೊಂಡರು. "ತಪ್ಪು ನನ್ನದೇ. ಎಣಿಸು ಎಂದರೆ ಲೋಕವೆಲ್ಲ ಒಂದೇ ತರಹ ಎಣಿಸುತ್ತದೆ ಎಂದುಕೊಂಡೆ," ಎಂದರು. ಅಷ್ಟರಲ್ಲಿ ಮಜೀದ್ ಸಾಬರ ಯಂತ್ರವೂ ಬಂದಿತ್ತು. ಸಾಬರು ಅದನ್ನು ಜಗಲಿಯಲ್ಲಿಟ್ಟು, ಒಳಗಿನ ಡಬ್ಬಿಗೆ ಕಟ್ಟಿದ ದಾರವನ್ನು ರಾಟೆಯ ಮೇಲೆ ಹಾಯಿಸಿ, ತೂಕ ಸರಿನೋಡುತ್ತಿದ್ದರು.

"ಬಾ ಸಿದ್ದಣ್ಣ. ನಿಂಗೋಸ್ಕರ ಡಬ್ಬಿ ಮೇಲೆ ಪಾವಿನ ಗೆರೆ ಹಾಕೀನಿ. ಡಾಕ್ಟ್ರು ಇಂಗ್ಲೀಷ್ ಗೆರೆ ಹಾಕು ಅಂದ್ರು. ನಮ್ಮೋರಿಗೆ ಅದು ಯಾರಿಗ್ರೀ ಗೊತ್ತಾಯ್ತದೆ ಅಂದೆ."

ಕೆಂಪಸಿದ್ದಯ್ಯ ಡಬ್ಬಿಯ ಸುತ್ತ ಒಂದು ಸುತ್ತು ಬಂದ. "ಗೆರೆ ಸರಿಯಾಗವಾ ಸಾಬ್ರೇ? ನಿಮ್ ಪಾವು ಅಂಗ್ಡಿ ಪಾವೋ, ಮನೆ ಪಾವೋ?"

"ಅಯ್ಯೋ, ನಿನ್ ಎದುರು ಸುಳ್ಳು ಪಾವು ಇಟ್ರೆ ಅಲ್ಲಾ ಮೆಚ್ತಾನಾ? ನೀನೇ ನೀರು ಊದು... ಅಲ್ಲಲ್ಲ, ನೀರು ಹುಯ್ದು ನೋಡ್ಕೋ."

ಕೆಂಪಸಿದ್ದಯ್ಯ ನಿಜವಾಗಿಯೂ ಕಾಲು ಸೇರಿನ ಪಾವು ತರಿಸಿ, ನೀರು ಹುಯ್ದು, ಎಲ್ಲ ಗೆರೆಯನ್ನೂ ನೋಡಿದ ಮೇಲೆಯೇ ಕೊಳವೆಗೆ ಬಾಯಿ ಇಟ್ಟ. ಎದೆ ತುಂಬ ಎಳೆದು ಊದಿದ. ಡಬ್ಬಿ ಗುಳುಗುಳು ಎನ್ನುತ್ತಾ ಎದ್ದಿತು. ಎಂಟು, ಹತ್ತು, ಹನ್ನೊಂದು. ಮಜೀದ್ ಸಾಬರು, "ಹೂಂ, ಊದು, ಊದು, ಸುಗ್ಗಿ ಬಂತು, ಊದು!" ಎಂದು ಕೂಗುತ್ತಿದ್ದರು. ಹದಿಮೂರನೆಯ ಗೆರೆ ದಾಟಿ ಡಬ್ಬಿ ನಿಂತಿತು.

"ಈ ವಯಸ್ಸಿಗೆ ಹನ್ನೆರಡು ಪಾವು ಇದ್ದರೆ ಸಾಕು. ಇದು ರೋಗದ ಎದೆಯಲ್ಲ," ಎಂದರು ಡಾಕ್ಟರು.

ಚಲುವರಾಜು ಗೋಡೆಗೆ ತಿರುಗಿಕೊಂಡು ಕಣ್ಣೊರೆಸಿಕೊಂಡ. ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಡಾಕ್ಟರು ಒಮ್ಮೆ ತಪ್ಪಿ ಬರೆದವರು. ಈ ಸಲ ಎಲ್ಲವನ್ನೂ ನೋಡದೆ ಬರೆಯಬಾರದೆಂಬ ಹಟ ಅವರಿಗೆ ಬಂದಿತ್ತು. ಆಸ್ಪತ್ರೆಯ ಕಲ್ಲಿನ ಮೆಟ್ಟಿಲನ್ನು ತೋರಿಸಿ, "ಯಜಮಾನರೇ, ಇಪ್ಪತ್ತೈದು ಸಲ ಹತ್ತಿ ಇಳಿಯಿರಿ. ಚಲುವರಾಜು, ನೀನು ನಾಡಿ ಹಿಡಿ," ಎಂದರು.

ಹತ್ತುವ ಮೊದಲು ಎಪ್ಪತ್ತಾರು. ಹತ್ತಿ ಇಳಿದ ಕೂಡಲೇ ನೂರಮೂವತ್ತು. ಅದು ಸಹಜವೇ. ಮೂರು ನಿಮಿಷ ಕುಳಿತರೆ ಒಳ್ಳೆಯ ಗುಂಡಿಗೆ ಮೊದಲಿನ ಎಣಿಕೆಗೆ ಹತ್ತಿರ ಬರಬೇಕು. ಚಲುವರಾಜು ಅಪ್ಪನ ಮಣಿಕಟ್ಟು ಹಿಡಿದು ಗಡಿಯಾರ ನೋಡುತ್ತಾ ಕುಳಿತ. ಅಪ್ಪನ ಕೈಯನ್ನು ಹಾಗೆ ಹಿಡಿದು ಕುಳಿತದ್ದು ಅವನ ನೆನಪಿನಲ್ಲಿ ಅದೇ ಮೊದಲು. ಕೊಳಗದ ಕಂಠ ಉಜ್ಜಿ ಉಜ್ಜಿ ಅಂಗೈ ಮರದಂತಾಗಿತ್ತು. ಮಣಿಕಟ್ಟಿನ ಒಳಭಾಗ ಮಾತ್ರ ಮಗುವಿನದರಂತೆ ಮೆತ್ತಗಿತ್ತು. ಅದರ ಕೆಳಗೆ ನಾಡಿ ಓಡುತ್ತಿತ್ತು. ಓಡುತ್ತಾ ಒಂದು ಕಡೆ ತಪ್ಪುತ್ತಿತ್ತು; ಮತ್ತೆ ಹಿಂದಿನದನ್ನು ಹಿಡಿಯುವಂತೆ ಎರಡು ಬೇಗ ಬಡಿಯುತ್ತಿತ್ತು. ಮೂರು ನಿಮಿಷ ಆಯಿತು. ನೂರಹದಿನಾಲ್ಕು.

ಡಾಕ್ಟರು ಎದೆಬಡಿತ ಕೇಳುವ ಕೊಳವೆ ತರಲು ಒಳಗೆ ಹೋಗಿದ್ದರು. ಮಜೀದ್ ಸಾಬರು ಯಂತ್ರದ ನೀರು ಚೆಲ್ಲುತ್ತಿದ್ದರು. ಉಗ್ರಾಣದವರು ಕೇಳಿದ್ದು ಎದೆಯ ಉಸಿರನ್ನು ಮಾತ್ರ. ಎಂಬತ್ತೆಂದು ಹೇಳಿದರೆ ಅಪ್ಪ ನಾಳೆಯೇ ಕೊಳಗ ಹಿಡಿಯುತ್ತಾನೆ. ಊರಿನವರ ಬಾಯಿ ಮುಚ್ಚುತ್ತದೆ. ಚಲುವರಾಜು ಅಪ್ಪನ ಮಣಿಕಟ್ಟು ಬಿಡದೆ ಮತ್ತೊಮ್ಮೆ ಗಡಿಯಾರ ನೋಡಿದ.

ಕೆಂಪಸಿದ್ದಯ್ಯ ಮಗನ ಮುಖವನ್ನೇ ನೋಡುತ್ತಿದ್ದ. "ಏನ್ಲಾ, ಎಷ್ಟು ಬತ್ತು?"

"ಅಪ್ಪ..."

"ಅಳೆಯೋನ್ ಮಗ ಕಣ್ಲಾ ನೀನು. ಕಂಡಷ್ಟೇ ಯೋಳು. ಎಚ್ಚೂ ಬ್ಯಾಡ, ಕಮ್ಮೀನೂ ಬ್ಯಾಡ."

ಡಾಕ್ಟರು ಬಂದರು. "ನೂರಹದಿನಾಲ್ಕು, ನಡೆ ತಪ್ಪುತ್ತಾ ಇದೆ," ಎಂದು ಚಲುವರಾಜು ಹೇಳಿದ. ಅವರು ಕೊಳವೆಯಿಟ್ಟು ಬಹಳ ಹೊತ್ತು ಕೇಳಿದರು. ಗುಂಡಿಗೆಯೊಳಗೆ ರಕ್ತ ಹಿಂದಕ್ಕೆ ಹೋಗದಂತೆ ಸಣ್ಣ ಬಾಗಿಲುಗಳಿವೆ, ಅದರಲ್ಲೊಂದು ಸರಿಯಾಗಿ ಮುಚ್ಚಿಕೊಳ್ಳುತ್ತಿಲ್ಲ, ಬಹುಶಃ ಚಿಕ್ಕಂದಿನ ಜ್ವರದಿಂದ ಬಂದದ್ದು ಎಂದು ಸಮಾಧಾನವಾಗಿ ತಿಳಿಸಿದರು. ಇದು ಯಾರಿಗೂ ಅಂಟುವ ರೋಗವಲ್ಲ. ಭಾರ ಎತ್ತದೆ ಇದ್ದರೆ ಇನ್ನೂ ಕೆಲವು ವರ್ಷ ನಡೆಯುತ್ತದೆ. ದಿನವೂ ನೂರಾರು ಕೊಳಗ ಎತ್ತಿದರೆ ಒಂದು ದಿನ ಅಲ್ಲಿಯೇ ನಿಲ್ಲುತ್ತದೆ.

ಕೆಂಪಸಿದ್ದಯ್ಯ ಅಂಗಿ ತೊಟ್ಟುಕೊಂಡ. "ಉಸ್ರು ನಂದು, ನಾ ಅಳ್ಕೊಟ್ಟೆ. ಬಾಗ್ಲು ನಮ್ ದ್ಯಾವ್ರು ಸಿದ್ದಪ್ಪಾಜಿದು, ಅವ್ನು ಮುಚ್ದಾಗ ಮುಚ್ಕತದೆ," ಎಂದು ಎದ್ದುನಿಂತ. ಸ್ವಲ್ಪ ತಡೆದು, "ಸ್ವಾಮಿ, ಅಂಟಾಕಿಲ್ಲ ಅಂತ ಕಾಗ್ದದಾಗೆ ಬರ್ಕೊಡ್ತೀರಾ?" ಎಂದು ಕೇಳಿದ. ಅದನ್ನು ಕೇಳುವಾಗ ಮಾತ್ರ ಅವನ ದನಿ ಸಣ್ಣದಾಯಿತು.

ಡಾಕ್ಟರು ಬರೆದುಕೊಟ್ಟರು. ಶ್ವಾಸಕೋಶ ಆರೋಗ್ಯವಾಗಿದೆ, ಅಂಟುರೋಗವಿಲ್ಲ, ಭಾರ ಎತ್ತಕೂಡದು. ಉಗ್ರಾಣದ ಗುಮಾಸ್ತ ಮಹದೇವಯ್ಯ ಅದನ್ನು ಎರಡು ಸಲ ಓದಿ ತಲೆ ಕೆರೆದುಕೊಂಡ.

"ಕೊಳಗ ಎತ್ತದೆ ಇರೋ ಅಳೆಯೋನು ಅಂದ್ರೆ, ಎತ್ತಿಲ್ದಿರೋ ಗಾಡಿ ಕಣಯ್ಯ. ಏನ್ ಮಾಡ್ಲಿ ನಿನ್ನ?"

"ಎತ್ತಾಕೆ ನಿಮ್ತಾವ ಎತ್ನಂಗಿರೋ ಐಕ್ಳವೆ. ಅವ್ಕೆ ಎಣ್ಸಾಕೆ ಬರ್ತದಾ ಕೇಳಿ. ಮೊನ್ನೆ ಹದ್ನೇಳಾದ್ಮೇಲೆ ಹದ್ನಾರು ಅಂದ್ನಂತೆ ಒಬ್ಬ. ಅವ ಎತ್ಲಿ, ನಾ ಕೂತ್ಕಂಡು ಕೂಗ್ತೀನಿ."

ಮಹದೇವಯ್ಯನಿಗೆ ನಗು ತಡೆಯಲಾಗಲಿಲ್ಲ. ಒಂದು ವಾರ ನೋಡೋಣ ಎಂದ. ಆ ಒಂದು ವಾರ ಉಗ್ರಾಣ ಇರುವವರೆಗೂ ಮುಗಿಯಲಿಲ್ಲ.

ಊರಿನ ಕಣದ್ದು ಬೇರೆ ಮಾತು. ಊರಿನವರಿಗೆ ಕಾಗದ ಓದಲು ಬರುತ್ತಿರಲಿಲ್ಲ. ಬಂದರೂ ಅವರು ಕಾಗದವನ್ನು ನಂಬುವವರಲ್ಲ. ಪುಷ್ಯಮಾಸ ಹುಟ್ಟಿತು. ಕಣ ಸಾರಿಸಿ, ನಡುವೆ ಮೇಟಿಕಂಬ ನೆಟ್ಟು, ಎತ್ತು ಕಟ್ಟಿ ತುಳಿಸತೊಡಗಿದರು. ಕೆಂಪಸಿದ್ದಯ್ಯ ಜಗಲಿಯ ಮೇಲೆ ಕುಳಿತು ಬೇರೆಯವರ ಕಣದ ಕಡೆಗೆ ನೋಡುತ್ತಿದ್ದ. ಬೆಟ್ಟಮ್ಮ ಹೊರಗಿನ ಗೂಡಿನಿಂದ ತಟ್ಟೆಯನ್ನು ಒಳಕ್ಕೆ ತಂದಿದ್ದಳು. ಅವನು ಮತ್ತೆ ಹೊರಕ್ಕೆ ಇಟ್ಟಿದ್ದ. "ಊರು ನನ್ನ ಒಳಿಕ್ಕೆ ತಕ್ಕಳ್ಳಿ, ಆಮ್ಯಾಕೆ ತಟ್ಟೆ ತಕ್ಕಂಡೀಯಂತೆ," ಎಂದಿದ್ದ.

ಒಂದು ಮಧ್ಯಾಹ್ನ ಮರಿಸಿದ್ದಯ್ಯ ಬಂದು ಜಗಲಿಯ ಕೆಳಗೆ ನಿಂತ. ಕೈಯಲ್ಲಿ ಎಲೆಯಡಿಕೆ ಇತ್ತು. ಅವತ್ತು ಚಲುವರಾಜುವೂ ಮನೆಯಲ್ಲಿದ್ದ. ಕೆಂಪಸಿದ್ದಯ್ಯ ಗೆಳೆಯನ ಕಡೆ ತಿರುಗಲಿಲ್ಲ.

"ನಾಳಿಕ್ಕೆ ನಮ್ ರಾಶಿ," ಎಂದ ಮರಿಸಿದ್ದಯ್ಯ.

"ಆಗ್ಲಿ. ಒಳ್ಳೇದಾಗ್ಲಿ."

"ಬತ್ತೀಯೇನ್ಲಾ?"

"ಎದೆರೋಗದೋನ್ನ ಕರ್ಯಾಕೆ ಬಂದ್ಯೇನ್ಲಾ? ದೂರ ನಿಂತ್ಕ. ಉಸ್ರು ತಗಲ್ತದೆ."

ಮರಿಸಿದ್ದಯ್ಯ ತಲೆ ತಗ್ಗಿಸಿದ. "ಬುಡ್ಲಾ. ಮದ್ದೂರ್ಗೆ ಓಗಿದ್ದೆ. ಆ ಡಬ್ಬಿ ಸಾಬ್ರು ಸಂತೇಲಿ ನಿಂತ್ಕಂಡು ಸಾರ್ತಾವ್ರೆ, ನಿಡಘಟ್ಟದ ಸಿದ್ದಣ್ಣಂದು ಅದ್ಮೂರು ಪಾವು ಉಸ್ರು, ಯಾವಾನಾದ್ರೂ ಗಂಡ್ಸಿದ್ರೆ ಬಂದು ಊದ್ರಪ್ಪ ಅಂತ. ನಾನೂ ಓಗಿ ಊದ್ದೆ."

ಕೆಂಪಸಿದ್ದಯ್ಯ ಮೆಲ್ಲಗೆ ಮುಖ ತಿರುಗಿಸಿದ. "ಎಷ್ಟು ಬತ್ತು?"

"ಅತ್ತೂವರೆ."

"ಥೂ ನಿನ್ನ. ಅತ್ತೂವರೆ ಇಟ್ಕಂಡು ನನ್ ನೋಡಿ ಎದ್ರುಕತ್ತಿದ್ದೇನ್ಲಾ?"

ಇಬ್ಬರೂ ನಕ್ಕರು. ಮರಿಸಿದ್ದಯ್ಯ ಜಗಲಿ ಹತ್ತಿ ಅವನ ಮಗ್ಗುಲಲ್ಲೇ ಕುಳಿತು, ತಾನೇ ಎಲೆಗೆ ಸುಣ್ಣ ಸವರಿ ಕೊಟ್ಟ.

ಮರುದಿನ ಮರಿಸಿದ್ದಯ್ಯನ ದೊಡ್ಡ ಮಗ ಕೊಳಗ ಹಿಡಿದ. ಕೆಂಪಸಿದ್ದಯ್ಯ ರಾಶಿಯ ಪಕ್ಕದಲ್ಲಿ ಮಣೆಯ ಮೇಲೆ ಕುಳಿತು ಕೂಗಿದ. ಹುಡುಗ ಆತುರಪಟ್ಟಾಗಲೆಲ್ಲ ಬೈದ. ಚಲುವರಾಜು ಮೇಟಿಗೆ ಒರಗಿ ನಿಂತು, ಅಪ್ಪ ಎಲ್ಲಿ ಉಸಿರೆಳೆದುಕೊಳ್ಳುತ್ತಾನೆ, ಮುಖ ಎಲ್ಲಿ ಕಂದುತ್ತದೆ ಎಂದು ನೋಡುತ್ತಲೇ ಇದ್ದ. ಗುಂಡಿಗೆಯ ವಿಷಯ ಕಣದಲ್ಲಿ ತಿಳಿದಿದ್ದವರು ಅವರಿಬ್ಬರೇ. ಇಪ್ಪತ್ತು ಕೊಳಗಕ್ಕೊಮ್ಮೆ ಕೆಂಪಸಿದ್ದಯ್ಯ ಕೈಯೆತ್ತಿ ನಿಲ್ಲಿಸಿ, ನೀರು ಕುಡಿದು, ಮಗನ ಕಡೆಗೆ ನೋಡುತ್ತಿದ್ದ. ಮಗ ತಲೆಯಾಡಿಸಿದ ಮೇಲೆ ಮುಂದುವರಿಸುತ್ತಿದ್ದ.

ಅಳತೆ ಮುಗಿದು ಊಟಕ್ಕೆ ಸಾಲು ಹಿಡಿದು ಎಲೆ ಹಾಕಿದರು. ಮುದ್ದೆ, ಅವರೆಕಾಳಿನ ಸಾರು. ಕೆಂಪಸಿದ್ದಯ್ಯ ಅಭ್ಯಾಸ ಬಲದಿಂದ ಸಾಲಿನ ಆಚೆ ಒಂದು ಮಾರು ದೂರ ಹೋಗಿ ಕುಳಿತಿದ್ದ. ಮರಿಸಿದ್ದಯ್ಯನ ಮೊಮ್ಮಗಳು ನೀರಿನ ಚೆಂಬು ಹಿಡಿದು ಬಂದವಳು ಅದನ್ನು ನೋಡಿ, ಯಾರೂ ಹೇಳದಿದ್ದರೂ, ಚೆಂಬು ಕೆಳಗಿಟ್ಟು, ಅವನ ಎಲೆಯನ್ನು ಎರಡು ಕೈಯಲ್ಲೂ ಎತ್ತಿಕೊಂಡು ಬಂದು ತನ್ನ ತಾತನ ಪಕ್ಕದಲ್ಲಿಟ್ಟಳು.

"ಏ ತಾತ, ಅಲ್ಲಿ ಇರುವೆ ಅವೆ. ಇಲ್ಲಿ ಬಾ."

ಕೆಂಪಸಿದ್ದಯ್ಯ ಎದ್ದು ಬಂದು ಕುಳಿತ. ಆಮೇಲೆ ಮೊದಲ ತುತ್ತು ಮುರಿದು, ಸಾರಿನಲ್ಲಿ ಅದ್ದಿ, ಕಣ್ಣು ಮುಚ್ಚಿ ನುಂಗಿದ.